ಮಲ್ಲಿ ನಿಂತ ಜಾಗ

ಮಾವ,

ಇವತ್ತು ಬೆಳಗ್ಗೆ ಮಲ್ಲಿ ಮತ್ತೆ ಅಲ್ಲೇ ನಿಂತಳು. ಖಾಲಿ ಸೈಟುಗಳ ರಸ್ತೆಯಲ್ಲಿ, ಮೂರನೇ ಹೊಂಗೆ ಮರ ದಾಟಿದ ಮೇಲೆ, ನೀವು ಬಿದ್ದ ಜಾಗದಲ್ಲಿ. ಬಾಯಲ್ಲಿ ಕಡಿವಾಣ, ಕಣ್ಣಿನ ಎರಡೂ ಬದಿಗೆ ಪಟ್ಟಿ. ನಾನು ಹಿಂದಿನಿಂದ ಎರಡು ಉದ್ದ ಹಗ್ಗ ಹಿಡಿದು ನಡೆಯುತ್ತಿದ್ದೆ, ನೀವು ನಡೆಯುತ್ತಿದ್ದ ಹಾಗೆಯೇ. ನಾಲಿಗೆಯಲ್ಲಿ ಟಕ್ ಟಕ್ ಅಂದೆ. ಕದಲಲಿಲ್ಲ. ಒಂದು ಕಿವಿಯನ್ನು ನನ್ನ ಕಡೆ ತಿರುಗಿಸಿದಳು. ಇನ್ನೊಂದು ಕಿವಿ ನನ್ನ ಬಲಕ್ಕೆ, ಒಂದು ಮಾರು ಆಚೆ, ಯಾರೂ ಇಲ್ಲದ ಕಡೆಗೆ ತಿರುಗಿತ್ತು. ಪಟ್ಟಿ ಕಟ್ಟಿದ ಕುದುರೆ ಕಿವಿಯಲ್ಲೇ ನೋಡುತ್ತದೆ ಎಂದು ಹೇಳಿಕೊಟ್ಟವರು ನೀವೇ ಅಲ್ಲವೇ? ಹಾಗಾದರೆ ಅವಳು ಅಲ್ಲಿ ನೋಡುತ್ತಿದ್ದದ್ದು ಏನನ್ನು?

ನಿಮ್ಮ ಮಗನಿಗೆ ಸಾಕಾಗಿ ಹೋಗಿದೆ. ಆಷಾಢ ಮುಗಿಯುತ್ತಾ ಬಂತು. ಮದುವೆಗಳಿಲ್ಲದ ಈ ತಿಂಗಳಲ್ಲೇ ಎಳೆಯ ಕುದುರೆಯನ್ನು ಗಾಡಿಗೆ ಹೂಡಿ ಅಭ್ಯಾಸ ಮಾಡಿಸಬೇಕು ಎನ್ನುವುದು ನಿಮ್ಮ ಲೆಕ್ಕಾಚಾರ. ಶ್ರಾವಣ ಬಂದರೆ ಮಾರೇನಹಳ್ಳಿ, ವಿಜಯನಗರದ ಛತ್ರಗಳಿಂದ ಸಾರೋಟು ಬೇಕು ಎಂದು ಫೋನು ಶುರುವಾಗುತ್ತದೆ. ಹಳೆಯ ಕುದುರೆಯ ಕಾಲು ಪೂರ್ತಿ ಹೋಗಿದೆ. "ಸೋಮವಾರದೊಳಗೆ ಮಲ್ಲಿ ಗಾಡಿಗೆ ಬರ್ಲಿಲ್ಲ ಅಂದ್ರೆ ಮೈಸೂರು ಕಡೆಯೋರಿಗೆ ಕೊಟ್ಬಿಡ್ತೀನಿ. ಮಕ್ಕಳನ್ನ ಕೂರಿಸ್ಕೊಂಡು ಸುತ್ತಿಸ್ತಾರೆ. ನಾನು ಆಟೋನೇ ಓಡಿಸ್ಕೊಂಡು ಇರ್ತೀನಿ," ಅಂದುಬಿಟ್ಟಿದ್ದಾರೆ. ಮೊನ್ನೆಯವರೆಗೂ ಅವರಿಗೆ ಗೊತ್ತಿರಲಿಲ್ಲ, ಮಲ್ಲಿಯ ಪಾಠ ಕೆಟ್ಟಿದ್ದಕ್ಕೆ ನಾನೇ ಕಾರಣ ಎಂದು. ಅದನ್ನು ಮೊದಲು ನಿಮಗೆ ಹೇಳಬೇಕು.

ಅವಳನ್ನು ಕರೆತಂದ ದಿನ ನೆನಪಿದೆಯೇ? ಕೆಂಗೇರಿಯ ನಮ್ಮ ಬೀದಿಯ ಹೆಂಗಸರೆಲ್ಲ ಗೇಟಿಗೆ ಬಂದು ನಿಂತಿದ್ದರು. ಎರಡು ವರ್ಷದ ಕಂದು ಮರಿ, ಮೈಯೆಲ್ಲ ಕಾಲು. ನೀವು ರಾಜಾಜಿನಗರದಲ್ಲಿ ಜಟಕಾ ಓಡಿಸುತ್ತಿದ್ದ ಕಾಲದ ಕಥೆಗಳನ್ನು ಕೇಳಿ ಕೇಳಿ, ಮಾರನೆಯ ದಿನವೇ ಗಾಡಿಗೆ ಕಟ್ಟುತ್ತೀರಿ ಎಂದುಕೊಂಡಿದ್ದೆ. ನೀವೋ, ತಿಂಗಳುಗಟ್ಟಲೆ ಅವಳನ್ನು ಸುಮ್ಮನೆ ನಿಲ್ಲಿಸಿದಿರಿ. "ಹೋ" ಎಂದು ತಗ್ಗಿದ ದನಿಯಲ್ಲಿ ಎಳೆದು ಹೇಳಿ, ಹಗ್ಗವನ್ನು ನೆಲಕ್ಕೆ ಬಿಟ್ಟು, ಮೂಲೆಯಂಗಡಿಗೆ ಹೋಗಿ ಟೀ ಕುಡಿದು ಬರುತ್ತಿದ್ದಿರಿ. ಮೊದಮೊದಲು ನಿಮ್ಮ ಹಿಂದೆಯೇ ಬರುತ್ತಿದ್ದಳು. ನೀವು ಬೈಯದೆ, ಹೊಡೆಯದೆ, ಮತ್ತೆ ಅದೇ ಜಾಗಕ್ಕೆ ಕರೆದೊಯ್ದು ನಿಲ್ಲಿಸುತ್ತಿದ್ದಿರಿ. ಟೀ ಆರಿಹೋಗಿದೆ ಎಂದು ಗೊಣಗುತ್ತಿದ್ದಿರಿ.

ಒಂದು ದಿನ ನಾನು ನಗಾಡಿದೆ. "ಏನು ಮಾವ, ಓಡೋ ಪ್ರಾಣಿನ ಕಂಬ ಮಾಡ್ತಿದೀರಲ್ಲ?" ನೀವು ಮಲ್ಲಿಯ ಕುತ್ತಿಗೆ ಉಜ್ಜುತ್ತಾ ಹೇಳಿದಿರಿ, "ಓಡೋದು ಇವಳಿಗೆ ಯಾರೂ ಕಲಿಸ್ಬೇಕಾಗಿಲ್ಲ ಕಣಮ್ಮ. ಹಿಂದೆ ಗಾಡಿಲಿ ಮದುಮಕ್ಳು ಕೂತಿರ್ತಾರೆ, ಮುಂದೆ ತಮಟೆಯೋರು. ಪಟಾಕಿ ಹೊಡೀತಾರೆ. ಗಾಡಿ ಓಡಿಸೋನು ಕೆಳಗೆ ಬಿದ್ರೂ ಇವಳು ನಿಂತಿರ್ಬೇಕು. ಅದೊಂದು ಬಂದ್ರೆ ಉಳಿದಿದ್ದು ಬಂದ ಹಾಗೆ." ಹಾಗೆಯೇ ಕಲಿತಳು. ಆಮೇಲೆ ಹಿಂದಿನಿಂದ ಹಗ್ಗ ಹಿಡಿದು ನಡೆಸುವುದು ಬಂತು. ಪಕ್ಕೆಗೆ ಎರಡು ಬಿದಿರು ಕಟ್ಟಿ, ಗಾಡಿಯ ಕೋಲು ತಗುಲಿದರೂ ಬೆಚ್ಚದ ಹಾಗೆ ಅಭ್ಯಾಸ ಮಾಡಿಸಿದಿರಿ. ಇನ್ನು ಭಾರದ ಅಭ್ಯಾಸಕ್ಕೆ ಹಳೇ ಟೈರು ಎಳೆಸುವುದು, ಆಮೇಲೆ ಗಾಡಿ ಅನ್ನುತ್ತಿದ್ದಿರಿ. ಅಷ್ಟರಲ್ಲಿ...

ಆ ಬೆಳಗ್ಗೆ ನೀವು ಬಾಗಿಲಲ್ಲಿ ನಿಂತು ಕೇಳಿದಿರಿ, "ಶೋಭಾ, ಇವತ್ತು ಸ್ವಲ್ಪ ಜೊತೆಗೆ ಬರ್ತೀಯಾ? ಕೈಯಲ್ಲಿ ಬಲ ಸಾಲ್ತಿಲ್ಲ." ನಾನು ಹೊಲಿಗೆ ಮಷಿನ್ನಿನಿಂದ ತಲೆ ಎತ್ತಲಿಲ್ಲ. "ಹನ್ನೊಂದಕ್ಕೆ ಬ್ಲೌಸ್ ಕೊಡ್ಬೇಕು ಮಾವ. ನಾನು ಈ ಮನೆಗೆ ಸೊಸೆಯಾಗಿ ಬಂದಿದ್ದು, ಲಾಯದ ಕೆಲ್ಸಕ್ಕಲ್ಲ." ನನ್ನ ಬಾಯಿ ನಿಮಗೆ ಹೊಸದೇನಲ್ಲ. "ಆಯ್ತು ಬಿಡಮ್ಮ," ಎಂದು ನಕ್ಕು ಹೋದಿರಿ. ನಿಮ್ಮನ್ನು ಮುಕ್ಕಾಲು ಗಂಟೆಯ ಮೇಲೆ ಕಂಡು ಕೂಗಿದವರು ಎಳನೀರಿನವರು. ಅವರು ಮೊದಲೊಮ್ಮೆ ಅದೇ ರಸ್ತೆಯಲ್ಲಿ ಹಾದುಹೋಗಿದ್ದರಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. "ಕುದುರೆ ಅಷ್ಟು ಸಮಾಧಾನವಾಗಿ ನಿಂತಿತ್ತಮ್ಮ. ಯಜಮಾನ್ರು ಮರದಡಿ ಒರಗಿಕೊಂಡು ಸುಧಾರಿಸ್ಕೊಳ್ತಾ ಇದಾರೆ ಅನ್ಕೊಂಡೆ."

ಬೀಳುವಾಗ ನೀವು ಅವಳಿಗೆ "ಹೋ" ಅಂದಿರಬೇಕು. ನೀವು ಹೇಳಿದಿರಿ, ಅವಳು ನಿಂತಳು. ಅವಳು ಹೆದರಿ ಹಗ್ಗ ಎಳೆದುಕೊಂಡು ಮನೆಗೆ ಓಡಿ ಬಂದಿದ್ದರೆ ನಾವು ಹುಡುಕಿಕೊಂಡು ಬರುತ್ತಿರಲಿಲ್ಲವೇ? ಇನ್ನು ಅರ್ಧ ಗಂಟೆ ಮುಂಚೆ ತಂದಿದ್ದರೆ ಎಂದು ಡಾಕ್ಟರು ಶುರುಮಾಡಿ, ನನ್ನ ಮುಖ ನೋಡಿ, ಅಲ್ಲಿಗೇ ಬಿಟ್ಟರು. ನೀವು ಅಷ್ಟು ಚೆನ್ನಾಗಿ ಕಲಿಸದೆ ಇದ್ದಿದ್ದರೆ ಬದುಕಿರುತ್ತಿದ್ದಿರಿ. ತಿಥಿ ಮುಗಿಯುವವರೆಗೂ ನನ್ನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಮಲ್ಲಿಯ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು. ಬಾಯಿಲ್ಲದ ಪ್ರಾಣಿಯ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ ಎಂದು ಆಮೇಲೆ ನಾಚಿಕೆಯೂ ಆಗುತ್ತಿತ್ತು.

ಒಂದು ದಿನ ಅತ್ತೆಗೆ ಹೇಳಿದೆ, ಇನ್ನು ಮೇಲೆ ಮಲ್ಲಿಯನ್ನು ನಾನು ನಡೆಸುತ್ತೇನೆ ಎಂದು. ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದರು. ಇಷ್ಟು ದಿನ ನೀವು ಮಾಡುವುದನ್ನು ನೋಡಿ ನೋಡಿ ನನಗೂ ಅಷ್ಟಿಷ್ಟು ಬರುತ್ತಿತ್ತು. ಹಗ್ಗ ಹಿಡಿಯುವುದು, ಎಡಕ್ಕೆ ಬಲಕ್ಕೆ ತಿರುಗಿಸುವುದು. ಆದರೆ ನಾನು ಶುರುಮಾಡಿದ್ದು ನಿಮ್ಮ ಪಾಠವನ್ನು ಅಳಿಸುವುದಕ್ಕೆ. ಗೇಟಿನಿಂದ ಸ್ವಲ್ಪ ದೂರ ನಡೆಸಿಕೊಂಡು ಹೋಗಿ, ಹಗ್ಗ ಬಿಟ್ಟು, ರಸ್ತೆಯಲ್ಲೇ ಅಂಗಾತ ಮಲಗಿಬಿಡುತ್ತಿದ್ದೆ. ಅತ್ತೆ ಗೇಟಿನ ಹತ್ತಿರ ನಿಂತು ಬಕೆಟ್ಟಿನಲ್ಲಿ ಹುರುಳಿ ಅಲ್ಲಾಡಿಸಬೇಕು. ಮಲ್ಲಿ ನನ್ನನ್ನು ಬಿಟ್ಟು ಮನೆಗೆ ಹೋಗಬೇಕು. ಮೊದಲ ದಿನ ಅತ್ತೆ ತಲೆ ಚಚ್ಚಿಕೊಂಡರು. "ಏನೇ ಇದು, ಮರ್ಯಾದಸ್ತರು ಓಡಾಡೋ ರಸ್ತೇಲಿ ಮಲ್ಕೊಳ್ತೀಯಾ? ನಾಳೆ ಪಕ್ಕದ ಮನೆಯೋಳು ನಿಂಬೆಹಣ್ಣು ತಂದು ಇಳಿ ತೆಗೀತಾಳೆ ನೋಡು."

ಯಾಕೆ ಹೀಗೆ ಮಾಡುತ್ತಿದ್ದೇನೆ ಎಂದು ಅತ್ತೆಗೆ ಹೇಳಿದೆ. ಮಾರನೆಯ ದಿನ ಕರೆಯುವ ಮೊದಲೇ ಬಕೆಟ್ಟು ಹಿಡಿದು ಗೇಟಿಗೆ ಬಂದರು. ಮಲ್ಲಿಗೆ ಇದು ಅರ್ಥವಾಗಲು ತುಂಬಾ ದಿನ ಹಿಡಿಯಿತು. ನಾನು ಮಲಗಿದರೆ ನನ್ನ ಪಕ್ಕದಲ್ಲೇ ನಿಂತು ಹೊಟ್ಟೆಗೆ ಮೂಗು ಒತ್ತುತ್ತಿದ್ದಳು. ಹುರುಳಿಯ ಸದ್ದಿಗೆ ಒಂದು ಹೆಜ್ಜೆ ಇಡುವುದು, ಮತ್ತೆ ತಿರುಗುವುದು. ಕೊನೆಗೊಂದು ದಿನ ಹೋದಳು. ನೆಲದ ಮೇಲೆ ಮಲಗಿಕೊಂಡೇ ಅವಳ ಗೊರಸಿನ ಸದ್ದು ದೂರವಾಗುವುದನ್ನು ಕೇಳಿದೆ. ನನಗೆ ಖುಷಿಯಾಗಬೇಕಿತ್ತು. ಆದರೆ ಆ ಸದ್ದು ನಿಂತ ಮೇಲೆ ಹತ್ತಿರದಲ್ಲೇ ಚಪ್ಪಲಿ ಎಳೆದು ನಡೆಯುವ ಸದ್ದು ಕೇಳಿಸಿತು ಮಾವ. ನಿಮ್ಮ ಎಡಗಾಲಿನ ಚಪ್ಪಲಿ. ಎದ್ದು ನೋಡಿದರೆ ರಸ್ತೆ ಖಾಲಿ. ಆವತ್ತಿನಿಂದ ಹಗ್ಗ ಹಿಡಿದು ನಡೆಯುವಾಗೆಲ್ಲ ನನ್ನ ಬಲಕ್ಕೆ ಯಾರೋ ಇದ್ದಾರೆ ಅನ್ನಿಸುತ್ತದೆ. ನಾನು ನಿಂತರೆ ಅವರೂ ನಿಲ್ಲುತ್ತಾರೆ. ನೀವೇ ಆಗಿದ್ದರೆ ಒಂದು ಸಲ ಬೈದುಬಿಡಬಾರದಿತ್ತೇ?

ಟೈರು ಎಳೆಸಿದ್ದು ಹೋದ ಶುಕ್ರವಾರ. ನಿಮ್ಮ ಮಗ ಒಬ್ಬಳೇ ಬೇಡ ಎಂದಿದ್ದರು, ತಾವಿದ್ದಾಗಲೇ ಮಾಡಬೇಕು ಎಂದಿದ್ದರು. ಅವರು ಆಟೋ ತೆಗೆದುಕೊಂಡು ಹೋದ ಮೇಲೆ, ಅತ್ತೆ ದೇವಸ್ಥಾನಕ್ಕೆ ಹೊರಟ ಮೇಲೆ, ಒಬ್ಬಳೇ ಕಟ್ಟಿದೆ. ಹಟ. ಮಲ್ಲಿ ಟೈರಿನ ಸದ್ದಿಗೆ ಒಂದು ಸಲ ಬೆಚ್ಚಿ, ಆಮೇಲೆ ಚೆನ್ನಾಗಿಯೇ ನಡೆದಳು. ಮೂರನೇ ಹೊಂಗೆ ಮರದ ಹತ್ತಿರ ನಿಲ್ಲುತ್ತಾಳೆಂದು ಗೊತ್ತಿತ್ತು. ನಾನು ಹಗ್ಗ ಸಡಿಲ ಬಿಟ್ಟೆ. ನೆಲಕ್ಕೆ ಜೋತ ಹಗ್ಗದ ಸುತ್ತಿನೊಳಗೆ ಯಾವಾಗ ಕಾಲಿಟ್ಟೆನೋ, ಎಡವಿ ಬಿದ್ದೆ. ನಾನು ಬಿದ್ದೆ, ಹಗ್ಗ ಕೈತಪ್ಪಿತು. ಇಷ್ಟು ದಿನ ನಾನೇ ಕಲಿಸಿದ್ದನ್ನು ಮಲ್ಲಿ ಮಾಡಿದಳು. ಮನೆಯ ಕಡೆ ತಿರುಗಿ ಹೊರಟಳು. ಹಗ್ಗ ನನ್ನ ಪಾದದ ಗಂಟಿಗೆ ಬಿಗಿಯಿತು.

ಎಷ್ಟು ದೂರ ಎಳೆದಳೋ ಗೊತ್ತಿಲ್ಲ. ಮೊಣಕೈ, ಸೊಂಟ ಎಲ್ಲ ತರಚಿಕೊಂಡು ಹೋಗಿದೆ, ಇವತ್ತಿಗೂ ಒಂದು ಬದಿಗೆ ಮಾತ್ರ ಮಲಗುತ್ತಿದ್ದೇನೆ. ಅಯ್ಯೋ ಅಂತ ಕಿರುಚಿದ್ದರೆ ಅವಳು ಹೆದರಿ ಓಡಿಯೇಬಿಡುತ್ತಿದ್ದಳು. ನನ್ನ ಗಂಟಲಿನಿಂದ ಬಂದದ್ದು "ಹೋ". ತಗ್ಗಿದ ದನಿ, ಎಳೆದು ಹೇಳಿದ್ದು. ನನಗೆ ಆ ದನಿ ಬರುವುದಿಲ್ಲ ಮಾವ, ಎಷ್ಟೋ ಸಲ ಪ್ರಯತ್ನ ಮಾಡಿ ನಗೆಪಾಟಲಾಗಿದ್ದೇನೆ. ಅದು ಎಲ್ಲಿಂದ ಬಂತು? ಮಲ್ಲಿ ಇಟ್ಟ ಹೆಜ್ಜೆಯಲ್ಲೇ ನಿಂತಳು.

ಹಗ್ಗ ಬಿಚ್ಚಲು ಆಗಲಿಲ್ಲ, ಅಷ್ಟು ಬಿಗಿದಿತ್ತು. ಅವಳು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ಕಾಲು ಹೋಗುತ್ತಿತ್ತು. ಇಡಲಿಲ್ಲ. ನಾನು ಅಲ್ಲೇ ಬಿದ್ದುಕೊಂಡು ಅವಳ ಕಾಲುಗಳನ್ನು ನೋಡುತ್ತಿದ್ದೆ. ನೊಣ ಕೂತಲ್ಲಿ ಚರ್ಮ ಅದುರುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ. ಆವತ್ತು ನೀವೂ ಇದನ್ನೇ ನೋಡುತ್ತಿದ್ದಿರಲ್ಲವೇ? ಇಷ್ಟು ತಿಂಗಳು ನೀವು ಒಬ್ಬರೇ ಬಿದ್ದಿದ್ದಿರಿ ಎಂದುಕೊಂಡು ಕೊರಗುತ್ತಿದ್ದೆ. ಒಬ್ಬರೇ ಇರಲಿಲ್ಲ. ಆಮೇಲೆ ಮಲ್ಲಿ ಕತ್ತು ಎತ್ತಿ ಕೆನೆದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಹುರುಳಿಗೆ ಕೆನೆಯುವ ಹಾಗಲ್ಲ, ಉದ್ದಕ್ಕೆ, ಎದೆಯಿಂದ. ಎಳನೀರಿನವರು ಗಾಡಿ ಬಿಟ್ಟು ಓಡಿಬಂದರು. ಕುಡುಗೋಲಿನಲ್ಲಿ ಹಗ್ಗ ಕೊಯ್ದು, "ಕುದುರೆ ಕೂಗ್ತಲ್ಲಮ್ಮ, ಅದಕ್ಕೇ ಈ ಕಡೆ ನೋಡ್ದೆ," ಅಂದರು.

ಮಾವ, ಆ ಕೂಗನ್ನು ನಾನು ಮೊದಲೂ ಕೇಳಿದ್ದೆ.

ನೀವು ಹೋದ ಬೆಳಗ್ಗೆ ಮಲ್ಲಿ ಎರಡು ಸಲ ಕೆನೆದಿದ್ದಳು. ಹೊಲಿಗೆ ಮಷಿನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ, ಅಳುತ್ತಲೇ ಹೇಳಿದ್ದೇನೆ. ಸುಳ್ಳು. ಮೊದಲನೆಯದಕ್ಕೆ ಹಸಿವಿರಬೇಕು ಅಂದುಕೊಂಡೆ. ಎರಡನೆಯದಕ್ಕೆ ಕಾಲು ಪೆಡಲಿನ ಮೇಲಿಂದ ಎದ್ದಿತು ಕೂಡ. ಯಾಕೋ ಈ ಕೂಗು ಬೇರೆ ಥರ ಇದೆ ಅನ್ನಿಸಿತು. ಬೆಳಗ್ಗೆ ಆಡಿದ ಮಾತಿನ ಮುನಿಸು ಇನ್ನೂ ಇತ್ತು. ಕೂಗಲಿ, ಅವರ ಕುದುರೆ ಅವರು ನೋಡಿಕೊಳ್ಳುತ್ತಾರೆ ಎಂದು ಮತ್ತೆ ಪೆಡಲು ಒತ್ತಿದೆ. ತಪ್ಪು ನಿಮ್ಮ ಪಾಠದ್ದಲ್ಲ. ಮಲ್ಲಿ ನಿಮ್ಮನ್ನು ಬಿಟ್ಟು ಬರಲೂ ಇಲ್ಲ, ಸುಮ್ಮನೆ ನಿಲ್ಲಲೂ ಇಲ್ಲ. ಕರೆದಳು. ಬರದೇ ಇದ್ದವಳು ನಾನು. ಅದನ್ನು ಅವಳ ತಲೆಗೆ ಕಟ್ಟಿ, ಅವಳು ಕಲಿತಿದ್ದನ್ನೆಲ್ಲ ಹಾಳುಮಾಡಲು ಹೊರಟಿದ್ದೆ.

ಶನಿವಾರದಿಂದ ಮತ್ತೆ ನಿಲ್ಲಿಸುವ ಪಾಠ ನಡೆಯುತ್ತಿದೆ. ಹಗ್ಗ ಬಿಟ್ಟು ನಾನು ಮೂಲೆಯಂಗಡಿಗೆ ಹೋಗುತ್ತೇನೆ. ಕುಂಟುತ್ತಾ ಹೋಗಿ ಬರುವುದರಿಂದ ಅವಳಿಗೆ ಇನ್ನೂ ಜಾಸ್ತಿ ಹೊತ್ತು ನಿಂತ ಅಭ್ಯಾಸವಾಗುತ್ತಿದೆ. ನಿಮ್ಮ ಮಗನಿಗೆ ಟೈರಿನ ವಿಷಯ ಎಲ್ಲ ಹೇಳಿದೆ. ಅರ್ಧ ದಿನ ಮಾತು ಬಿಟ್ಟು, ಆಮೇಲೆ ಗಾಡಿಯ ಗಾಲಿಗೆ ತಾವೇ ಎಣ್ಣೆ ಹಾಕಿದರು. ಸೋಮವಾರ ಬೆಳಗ್ಗೆ ಹೂಡುತ್ತೇವೆ. ಅವರು ಮುಂದೆ ಅವಳ ತಲೆಯ ಹತ್ತಿರ, ನಾನು ಹಿಂದೆ ಹಗ್ಗ ಹಿಡಿದು.

ಉಳಿದಿದ್ದು ಅತ್ತೆಗೆ ಹೇಳುವುದು. ಇವತ್ತು ಮಧ್ಯಾಹ್ನ ಊಟದ ತಟ್ಟೆ ಎತ್ತುವಾಗ ಹೇಳಿಬಿಟ್ಟೆ. "ಅತ್ತೆ, ಆವತ್ತು ಮಲ್ಲಿ ಕೂಗಿದ್ದು ನಂಗೆ ಕೇಳಿಸಿತ್ತು. ನಾನು ಬೇಕೂಂತಲೇ ಹೋಗ್ಲಿಲ್ಲ." ಬೈಯುತ್ತಾರೆ, ಅಥವಾ ಎದ್ದು ಹೋಗುತ್ತಾರೆ ಎಂದು ಕಾದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನಂಗೂ ಕೇಳಿಸ್ತು ಕಣೇ," ಅಂದರು. "ಪೂಜೆಗೆ ಕೂತಿದ್ದೆ. ನೀನು ಹೋಗ್ತೀಯ ಅನ್ಕೊಂಡೆ."

ಆಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಳಲೂ ಇಲ್ಲ. ಎಂಜಲು ತಟ್ಟೆಗಳು ಹಾಗೇ ಇದ್ದವು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ, ಹಿತ್ತಲಿನ ಶೆಡ್ಡಿನಿಂದ ಮಲ್ಲಿ ಕೆನೆದಳು. ಇಬ್ಬರೂ ಒಟ್ಟಿಗೆ ಎದ್ದೆವು ಮಾವ. ಬಾಗಿಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಓಡಿದೆವು.

ತೊಟ್ಟಿಯಲ್ಲಿ ನೀರು ಖಾಲಿಯಾಗಿತ್ತು, ಅಷ್ಟೇ.