ಮೂರನೇ ಕೂಗು

೯ ಮೇ ೨೦೦೪, ಭಾನುವಾರ

ಸರಳುಗಳು ಮುಗಿದವು. ಹದಿಮೂರು. ತಂತಿ ಬ್ರಷ್ಷಿನ ಹಲ್ಲೆಲ್ಲ ಉದುರಿವೆ, ಹೊಸದು ತರಬೇಕು. ಬಲ ಭುಜ ಎತ್ತೋಕಾಗ್ತಿಲ್ಲ. ಮೂವತ್ತು ವರ್ಷ ಬೋರ್ಡ್ ಒರೆಸಿದ ಕೈ ಇದು, ಇಷ್ಟಕ್ಕೇ ಸೋತರೆ ಹೇಗೆ.

ಇವರು ಪೇಪರಿನಿಂದ ತಲೆ ಎತ್ತದೆ, "ರೈಲ್ವೇಲಿ ಜನ್ಮವೆಲ್ಲ ಕಬ್ಬಿಣ ನೋಡಿದೀನಿ ಕಣೇ. ಆ ಗೇಟಿನ ಆಯಸ್ಸು ಮುಗಿದಿದೆ. ಹೊಸದು ಮಾಡಿಸೋಣ" ಅಂದರು. ರಿಟೈರಾದ ಗಂಡ ಮನೇಲಿದ್ದರೆ ಸಲಹೆಗೆ ಬರ ಇಲ್ಲ. ಪೇಂಟರ್ ಕರೀತೀನಿ ಅಂದಾಗಲೂ ಬೇಡ ಅಂದಿದ್ದೆ. ಬೇರೆಯವರ ಕೈ ಈ ಗೇಟಿಗೆ ಬೀಳೋದು ನನಗಿಷ್ಟವಿಲ್ಲ.

೨೩ಕ್ಕೆ ಶಿಲ್ಪಶ್ರೀ ಬರ್ತಾಳೆ. ನನ್ನ ತಂಗಿ ರಾಣಿಯ ಮಗಳು. ಇನ್ನು ಪಿಯುಸಿ. ಗಂಡಸಿಯಿಂದ ದಿನಾ ಬಸ್ಸಲ್ಲಿ ನೇತಾಡೋದು ಬೇಡ, ಅರಸೀಕೆರೆಯಲ್ಲಿ ನಮ್ಮ ಮನೇಲೇ ಇದ್ದು ಓದಲಿ ಅಂತ ನಾನೇ ಹೇಳಿ ಕಳಿಸಿದೆ. ರಾಣಿ ಹೋಗಿ ಹನ್ನೊಂದು ವರ್ಷ. ಅಷ್ಟೂ ವರ್ಷ ಹಬ್ಬಕ್ಕೆ ಬಟ್ಟೆ, ಪುಸ್ತಕ, ಎಲ್ಲ ಹೊತ್ತುಕೊಂಡು ನಾನೇ ಗಂಡಸಿಗೆ ಹೋಗ್ತಿದ್ದೆ. ಮಗೂನ ಇಲ್ಲಿಗೆ ಒಂದು ಸಲವೂ ಕರೆಯಲಿಲ್ಲ.

ಕೆಳಗಿನ ತಗಡು ಉಳಿದಿದೆ. ಕೊನೆಗಿರಲಿ ಅಂತ ಬಿಟ್ಟಿದೀನಿ. ಯಾಕೆ ಅಂತ ಬರೆಯಲ್ಲ.

೧೧ ಮೇ, ಮಂಗಳವಾರ

ಎದುರುಮನೆ ದೇವೀರಮ್ಮ ಮೊರ ಹಿಡಿದುಕೊಂಡೇ ಬಂದಳು. "ಅಲ್ಲ ಕಣ್ ಟೀಚರಮ್ಮ, ಊರಲ್ಲಿ ಪೇಂಟ್ರುಗಳೆಲ್ಲ ಸತ್ತೋದ್ರಾ? ಈ ವಯಸ್ನಾಗೆ ನಿಂಗ್ಯಾಕೆ ಈ ಪಾಡು?"

"ರಜ ಅಲ್ವಾ, ಹೊತ್ತು ಹೋಗ್ಬೇಕಲ್ಲ" ಅಂದೆ.

ಅವಳು ನಿಂತಿದ್ದ ಹಾಗೇ ತಗಡಿಗೆ ಕೈ ಹಾಕಿದೆ. ಹಾಕಬಾರದಿತ್ತು. ಹಸಿರು ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೆ ಸಿಲ್ವರ್. ಎರಡೂ ನಾನೇ ಬಳಿದದ್ದು. ಸಿಲ್ವರ್ ಕೆರೆದರೆ ಕಪ್ಪು.

ಗೊತ್ತಿತ್ತು. ಇದ್ದೇ ಇರತ್ತೆ ಅಂತ ಗೊತ್ತಿತ್ತು. ಆದರೂ ಬ್ರಷ್ ಕೈ ಜಾರಿತು.

ದೇವೀರಮ್ಮನಿಗೆ ಓದೋಕೆ ಬರಲ್ಲ, ಆದರೆ ಈ ಎರಡು ಮಾತು ಇಡೀ ಬೀದಿಗೆ ಗೊತ್ತು. "ಅಯ್, ನಾಳೆ ಬಾ! ಇನ್ನೂ ಐತಾ ಇದು?" ಅಂತ ಬಾಯಿ ತುಂಬ ನಕ್ಕಳು. "ನಿನ್ನ ಕೈ ಗುಣ ಕಣ್ ಟೀಚರಮ್ಮ. ಎಲ್ಲಾ ಬೀದಿಗೂ ಬಂತು ಆ ದೆವ್ವ, ನಮ್ ಬೀದಿಗೆ ಒಂದಿನಾನೂ ಬರ್ನಿಲ್ಲ."

ಬಂದಿತ್ತು ಅನ್ನಬೇಕು ಅನ್ನಿಸಿತು. ಗೋಣಿಚೀಲ ಹೊದಿಸಿ ಒಳಗೆ ಬಂದೆ.

೧೧ ಮೇ, ಸಂಜೆ

ಈಗಿನ ಮಕ್ಕಳಿಗೆ ಹೇಳಿದರೆ ನಗ್ತಾರೆ. ತೊಂಬತ್ಮೂರು ಅದು. ಊರೂರಿಗೆ ಹಬ್ಬಿತ್ತು ಸುದ್ದಿ. ಕತ್ತಲಾಗೋ ಹೊತ್ತಿಗೆ ಒಂದು ದೆವ್ವ ಬರತ್ತಂತೆ, ಮನೆಯವರದೇ ದನಿಯಲ್ಲಿ ಕರೆಯತ್ತಂತೆ. ಓ ಅಂದರೆ ಮುಗೀತಂತೆ, ರಕ್ತ ಕಾರಿ ಸಾಯೋದಂತೆ. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗತ್ತಂತೆ. ಮಾರನೇ ದಿನವೂ ಅದೇ ಓದು, ಅದೇ ವಾಪಸ್. ಓದು ಬರಹ ಬಲ್ಲ ದೆವ್ವ, ಆದರೆ ಬುದ್ಧಿ ಇಲ್ಲ ಅಂತ ಸ್ಟಾಫ್ ರೂಮಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ನಗ್ತಾನೇ ಬರೆದೂ ಕೊಟ್ಟೆ. ನನ್ನ ಅಕ್ಷರ ದುಂಡಗೆ ಅಂತ ಬೀದಿಯವರೆಲ್ಲ ಕರೆದರು. ಮೊದಲು ಸೀಮೆಸುಣ್ಣದಲ್ಲಿ. ಮಳೆಗೆ ಅಳಿಸಿಹೋಯ್ತು. ಆಮೇಲೆ ಸ್ಕೂಲಿನ ಬೋರ್ಡಿಗೆ ಬಳಿದು ಉಳಿದ ಕಪ್ಪು ಬಣ್ಣದಲ್ಲಿ. ಹದಿನೆಂಟು ಬಾಗಿಲು. ಬ್ರಷ್ಷಲ್ಲಿ ಇನ್ನೂ ಬಣ್ಣ ಇತ್ತು. ಸುಮ್ಮನೆ ತಮಾಷೆಗೆ, ಕೊನೆಗೆ, ನಮ್ಮ ಗೇಟಿಗೂ ಬರೆದೆ. ದಪ್ಪಗೆ.

ಸಾಕು ಇವತ್ತಿಗೆ.

೧೩ ಮೇ, ಗುರುವಾರ

ಇವರು ಬೆಳಗಿನಿಂದ ಟಿವಿ ಮುಂದೆ. ಓಟು ಎಣಿಕೆ. ನನ್ನನ್ನು ಕೇಳೋರಿಲ್ಲ, ಆದ್ದರಿಂದ ಬರೀತೀನಿ. ಇಷ್ಟು ವರ್ಷದ ಯಾವ ಡೈರಿಯಲ್ಲೂ ಇದನ್ನು ಬರೆದಿಲ್ಲ.

ಗೇಟಿಗೆ ಬರೆದ ದಿನವೇ ಸಂಜೆ. ಬಣ್ಣ ಇನ್ನೂ ಹಸಿ. ಇವರಿಗೆ ಡ್ಯೂಟಿ. ಕರೆಂಟ್ ಹೋಯ್ತು. ಅಡುಗೆಮನೇಲಿ ಬೆಂಕಿಪೊಟ್ಟಣ ತಡಕಾಡ್ತಿದ್ದೆ. ಗೇಟಿನ ಹತ್ತಿರ ದನಿ.

"ಅಕ್ಕಾ..."

ರಾಣಿ ದನಿ. ಓ ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಗಂಡಸಿಯಲ್ಲಿರೋಳು ಈ ಹೊತ್ತಲ್ಲಿ, ಹೇಳದೆ ಕೇಳದೆ ಯಾಕೆ ಬರ್ತಾಳೆ? ಅಮ್ಮ ಚಿಕ್ಕಂದಿನಿಂದ ನಮ್ಮಿಬ್ಬರಿಗೂ ಹೇಳ್ತಿದ್ದಳು — ಹೊತ್ತು ಮುಳುಗಿದ ಮೇಲೆ ಯಾರೇ ಕೂಗಲಿ, ಮೂರು ಸಲ ಕೂಗೋವರೆಗೂ ಓ ಅನ್ನಬೇಡಿ, ದೆವ್ವಕ್ಕೆ ಮೂರನೇ ಸಲ ಕೂಗೋಕೆ ಬರಲ್ಲ. ಸ್ಟಾಫ್ ರೂಮಿನ ನಗುವೆಲ್ಲ ಎಲ್ಲಿ ಹೋಯ್ತೋ. ಕಡ್ಡಿ ಗೀರದೆ ನಿಂತೆ.

"ಅಕ್ಕಾ..." ಎರಡು.

ಮೂರನೆಯದಕ್ಕೆ ಕಾದೆ. ಬರಲಿಲ್ಲ. ಒಂದು ನಗು ಕೇಳಿಸಿತು, ಸಣ್ಣಗೆ. ಚಿಲಕ ಒಮ್ಮೆ ಟಣ್ ಅಂತು. ಆಮೇಲೆ ಏನೂ ಇಲ್ಲ. ದೆವ್ವವೇ ನಕ್ಕಿತು ಅಂದುಕೊಂಡು ದೇವರ ಗೂಡಿನ ಮುಂದೆ ಕೂತೆ. ಬಿ.ಎಡ್. ಮಾಡಿದವಳು!

ಬೆಳಿಗ್ಗೆ ರಂಗೋಲಿ ಹಾಕೋಕೆ ಹೋದಾಗ ನೋಡಿದೆ. "ಬಾ" ಅಕ್ಷರ ಕದಡಿತ್ತು. ಹಸಿ ಬಣ್ಣದ ಮೇಲೆ ಒಂದು ಬೆರಳು ಎಳೆದ ಗೀಟು. ಸಣ್ಣ ಬೆರಳು. ಐದು ವರ್ಷದ ಮಗುವಿನದು.

ಹನ್ನೊಂದು ಗಂಟೆಗೆ ಗಂಡಸಿಯಿಂದ ಆಳು ಬಂದ. ರಾಣಿ ಮುಂಜಾನೆ ತೋಟದ ಬಾವಿಗೆ ನೀರಿಗೆ ಹೋಗಿ ಕಾಲು ಜಾರಿದಳಂತೆ. ಜಾರಿದಳೋ, ಬೇಕಂತಲೇ ಬಿದ್ದಳೋ, ಅವನನ್ನು ಕೇಳಲಿಲ್ಲ. ಆಮೇಲೂ ಯಾರನ್ನೂ ಕೇಳಲಿಲ್ಲ.

ಸಾವಿನ ಮನೆಯಲ್ಲಿ ಅವಳ ಅತ್ತೆ, "ನಿನ್ನೆ ನಿಮ್ಮನೇಗ್ ಬಂದಿದ್ಲಂತಲ್ಲವ್ವ" ಅಂದಾಗ ಬಾಯಿಗೆ ಬಂದದ್ದು — "ನಾನು ಬೇಲೂರಿಗೆ ಟ್ರೇನಿಂಗಿಗೆ ಹೋಗಿದ್ದೆ, ಬರೋದು ಎಂಟಾಯ್ತು." ಹನ್ನೊಂದು ವರ್ಷದಿಂದ ಬೇಲೂರಲ್ಲೇ ಇದೀನಿ.

ತಿಥಿ ಮುಗಿಸಿ ಬಂದ ದಿನವೇ ಸಿಲ್ವರ್ ಬಳಿದೆ.

೧೬ ಮೇ, ಭಾನುವಾರ

ಟರ್ಪಂಟೈನ್, ಉಪ್ಪುಕಾಗದ, ಬ್ಲೇಡು. ಕಪ್ಪು ಪೂರ್ತಿ ಹೋಯ್ತು. ಬೆರಳಿನ ಗೀಟೂ ಹೋಯ್ತು. ಕೆರೆಯುವಾಗ ಅದನ್ನೇ ಕೊನೆಗೆ ಉಳಿಸಿದ್ದೆ. ಹಾಳಾದ ಕಣ್ಣೀರು.

ಆದರೆ ಅಕ್ಷರ ಹೋಗಿಲ್ಲ!

ಬಣ್ಣವೇ ಇಲ್ಲ, ಬರೀ ಕಬ್ಬಿಣ. ಆದರೂ ಓದಬಹುದು. ದಪ್ಪಗೆ ಬರೆದಿದ್ದೆನಲ್ಲ, ಅಕ್ಷರ ಇದ್ದ ಕಡೆ ತುಕ್ಕು ತಗುಲಿಲ್ಲ. ನುಣ್ಣಗಿದೆ. ಸುತ್ತ ತಗಡೆಲ್ಲ ಸಿಡುಬಿನ ಮುಖದ ಹಾಗೆ ಗುಳಿ ಗುಳಿ. ಕೈಯಾಡಿಸಿದರೆ ಕಣ್ಣು ಮುಚ್ಚಿಕೊಂಡೂ ತಿಳಿಯತ್ತೆ. ನಾ. ಳೆ. ಬಾ.

ಹಾರ್ಡ್‌ವೇರ್ ಅಂಗಡಿ ಬೀರೇಶನನ್ನು ಕೇಳಿದೆ. "ಪುಟ್ಟಿ ತುಂಬಿ ಉಜ್ಜಿ ಮೇಡಂ, ಮೇಲೆ ಎರಡು ಕೋಟ್ ರೆಡ್ ಆಕ್ಸೈಡ್ ಕೊಡಿ. ಅವರಪ್ಪನಾಣೆ ಕಾಣಲ್ಲ" ಅಂದ.

೧೯ ಮೇ, ಬುಧವಾರ

ಕಾಣತ್ತೆ. ನೆತ್ತಿ ಮೇಲೆ ಬಿಸಿಲಿದ್ದಾಗ ಏನೂ ಇಲ್ಲ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಎದ್ದು ನಿಲ್ಲತ್ತೆ. ನಿನ್ನೆ ಮಳೆಗೆ ಪುಟ್ಟಿ ಬೇರೆ ಬಿರಿದಿದೆ.

ಇನ್ನೊಂದು. ಬರೆಯೋಕೆ ನಾಚಿಕೆ. ಹೊತ್ತು ಮುಳುಗುವಾಗ ಚಿಲಕದ ಸದ್ದು ಕೇಳಿಸಿತು. ಅದೇ ಟಣ್. ಎದ್ದು ಹೋದೆ, ಯಾರೂ ಇಲ್ಲ. ವಾಪಸ್ ಬರುವಾಗ ಹಿತ್ತಲಲ್ಲಿ ಡಬ್ಬ ಕಾಲಿಗೆ ತಗುಲಿತು. ಚಿಲಕ ಅದರಲ್ಲಿದೆ. ಸೋಮವಾರ ನಾನೇ ಬಿಚ್ಚಿ ಸೀಮೆಎಣ್ಣೇಲಿ ನೆನೆಹಾಕಿದ್ದು.

ಇವರು, "ಯಾಕೇ ಹಾಗೆ ಬೆವರ್ತಿದೀಯ" ಅಂದರು. ಸೆಕೆ ಅಂದೆ.

೨೩ ಮೇ, ಭಾನುವಾರ

ಬಂದಳು. ರಾಣಿಯದೇ ನಡಿಗೆ, ಎಡಗಾಲು ಚೂರು ಒಳಕ್ಕೆ. ಒಂದು ಬ್ಯಾಗು, ಒಂದು ಚೀಲ ತೆಂಗಿನಕಾಯಿ. ಮಾತು ಮಾತ್ರ ಟಿವಿಯವರ ಹಾಗೆ.

ಗೇಟಿನ ಹತ್ತಿರ ನಿಂತೇಬಿಟ್ಟಳು. "ಬಾರೇ ಒಳಗೆ" ಅಂತ ಎರಡು ಸಲ ಕರೆದೆ. "ಬಂದೆ ದೊಡ್ಡಮ್ಮ" ಅಂದಳು, ಬರಲಿಲ್ಲ. ಬಗ್ಗಿ ತಗಡಿನ ಮೇಲೆ ಕೈಯಿಟ್ಟು ನೋಡ್ತಿದ್ದಳು. ಬಿಸಿಲು ಓರೆಯಾಗಿತ್ತು.

ಊಟಕ್ಕೆ ಕೂತಾಗ ಏನೂ ಕೇಳಲಿಲ್ಲ. ಅವಳು ಕೇಳದಿದ್ದಷ್ಟೂ ನನಗೆ ಅನ್ನ ಇಳಿಯಲಿಲ್ಲ.

೨೪ ಮೇ, ಸೋಮವಾರ

ಹುರುಳಿಕಾಯಿ ಬಿಡಿಸ್ತಾ ಅವಳೇ ತೆಗೆದಳು.

"ದೊಡ್ಡಮ್ಮ, ಗೇಟಲ್ಲಿ ನಾಳೆ ಬಾ ಅಂತಿದೆ ಅಲ್ವಾ? ನಾನು ಜೀವನದಲ್ಲಿ ಮೊದಲು ಓದಿದ್ದು ಅದೇ, ಗೊತ್ತಾ?"

ಚಾಕು ಕೆಳಗಿಟ್ಟೆ.

"ಅಪ್ಪನ ಜೊತೆ ಜಗಳ ಆಗಿ ಅಮ್ಮ ನನ್ನ ಕರ್ಕೊಂಡು ಬಂದ್ಲು. ಎರಡು ಸಲ ಕೂಗಿದ್ಲು. ಆಮೇಲೆ ಗೇಟ್ ಕಡೆ ಬಗ್ಗಿ ನಗೋಕೆ ಶುರು ಮಾಡಿದ್ಲು. 'ನಮ್ಮಕ್ಕಂಗೂ ದೆವ್ವದ ಭಯ ಬಂದೈತೆ ಕಣೇ! ಅಕ್ಷರ ನೋಡು, ಎಷ್ಟು ದುಂಡಗವೆ' ಅಂತ. ನನ್ನ ಬೆರಳು ಹಿಡಿದು ಅದರ ಮೇಲೆ ತಿದ್ದಿಸಿದ್ಲು. ಬ-ಕ್ಕೆ ಇಳಿ ಕೊಟ್ರೆ ಬಾ. ಬೆರಳೆಲ್ಲ ಕಪ್ಪಾಯ್ತು. ನಾನೂ ಕೂಗ್ತೀನಿ ಅಂದೆ. 'ಬ್ಯಾಡ, ಅಕ್ಕ ಮನೇಲಿಲ್ಲ ಅನ್ಸತ್ತೆ. ಬರ್ದವ್ಳಲ್ಲ, ನಾಳೆನೇ ಬರಾಣ' ಅಂದ್ಲು. ಬಸ್ಸಲ್ಲಿ ಉದ್ದಕ್ಕೂ ನನ್ನ ಬೆರಳು ಸೆರಗಲ್ಲಿ ಉಜ್ಜಿದ್ಲು, ಹೋಗ್ಲೇ ಇಲ್ಲ."

ಆ ನಗು ರಾಣಿಯದು! ಹನ್ನೊಂದು ವರ್ಷ ಕಿವಿಯಲ್ಲಿ ಕೂತಿದ್ದ ನಗು.

"ಮನೆಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿಟ್ಲು, ಬೆಳಗಿನ ಮೊದಲನೇ ಬಸ್ಸಿಗೆ ಅಂತ. ಬೇಗ ನೀರು ತುಂಬಿಸಿ ಬರ್ತೀನಿ ಅಂತ ಬಾವಿಗೆ ಹೋದ್ಲು." ಕಾಯಿ ಮುರಿಯೋದು ನಿಲ್ಲಿಸಲೇ ಇಲ್ಲ ಹುಡುಗಿ. "ಎಲ್ಲಾ ಅಳ್ತಿದ್ರು. ನಾನು ಬೆರಳು ನೋಡ್ಕೊಂಡು ಕೂತಿದ್ದೆ. ನೀವು ಅವತ್ತು ಬೇಲೂರಲ್ಲಿದ್ರಿ ಅಲ್ವಾ? ಅಜ್ಜಿ ಹೇಳ್ತಿದ್ರು."

"ಹ್ಞೂಂ" ಅಂದೆ.

"ಸದ್ಯ" ಅಂದಳು. "ಒಳಗೇ ಇದ್ದು ತೆಗೀಲಿಲ್ವೇನೋ ಅಂತ ಚಿಕ್ಕವಳಿದ್ದಾಗ ಒಂದೊಂದ್ಸಲ ಅನ್ನಿಸ್ತಿತ್ತು."

೨೮ ಮೇ, ಶುಕ್ರವಾರ

ಮೂರು ದಿನ ಬರೆಯಲಿಲ್ಲ.

ಬಿರಿದ ಪುಟ್ಟಿ ಕಿತ್ತು ಮತ್ತೆ ತುಂಬೋಣ ಅಂತ ಡಬ್ಬ ತೆಗೆದೆ. ಶಿಲ್ಪ ಕೈ ಹಿಡಿದಳು. "ಅದನ್ನ ಮುಚ್ಚಬೇಡಿ ದೊಡ್ಡಮ್ಮ. ಬಣ್ಣ ಹೊಡೆದ್ರೂ ಅಕ್ಷರ ಕಾಣೋ ಹಾಗೆ ಹೊಡೆಯೋಣ. ಅಮ್ಮನ ಜೊತೆ ನಕ್ಕಿದ್ದು ಅಂತ ನೆನಪಿರೋದು ಅದೊಂದೇ ಸಲ."

ಯಾವುದನ್ನು ಅವಳು ನೋಡಬಾರದು ಅಂತ ಇಷ್ಟು ದಿನ ಉಜ್ಜಿದೆನೋ, ಅದನ್ನೇ ಉಳಿಸಿ ಅಂತಾಳೆ. ಪುಟ್ಟಿಯೆಲ್ಲ ಕೆದಕಿ ತೆಗೆದೆವು, ಇಬ್ಬರೂ. ನೀಲಿ ಬಣ್ಣ ಅವಳೇ ಆರಿಸಿದಳು. ರಾಣಿಗೂ ನೀಲಿ ಇಷ್ಟ ಅಂತ ನಾನು ಹೇಳಲಿಲ್ಲ.

ಬೇಲೂರಲ್ಲಿ ಇರಲಿಲ್ಲ ಅಂತಲೂ ಹೇಳಲಿಲ್ಲ. ಹೇಳಿದರೆ ಬ್ಯಾಗ್ ಎತ್ತಿಕೊಂಡು ಗಂಡಸಿ ಬಸ್ಸು ಹತ್ತುತ್ತಾಳೆ. ಹತ್ತಲಿ ಬಿಡು ಅನ್ನೋ ಧೈರ್ಯ ನನಗಿಲ್ಲ. ಮಕ್ಕಳಿಲ್ಲದ ಮನೇಲಿ ಐದೇ ದಿನಕ್ಕೆ ಅವಳ ಚಪ್ಪಲಿ ಬಾಗಿಲಲ್ಲಿರೋದು ಅಭ್ಯಾಸವಾಗಿದೆ. ನಾಳೆ ಹೇಳೋಣ.

೩೦ ಮೇ, ಭಾನುವಾರ, ಸಂಜೆ ೬-೩೦

ಕರೆಂಟ್ ಹೋಗಿದೆ. ಕಿಟಕಿ ಬೆಳಕಲ್ಲಿ ಬರೀತಿದೀನಿ. ಇವರು ಸ್ಟೇಷನ್ ಕಡೆ ವಾಕಿಂಗ್. ಶಿಲ್ಪ ಹೊರಗೆ ಗೇಟಿಗೆ ಎರಡನೇ ಕೋಟ್ ಹೊಡೀತಿದಾಳೆ, ಕತ್ತಲಾಗೋದರೊಳಗೆ ಮುಗಿಸ್ತಾಳಂತೆ. ಬಣ್ಣದ ವಾಸನೆ ಅಡುಗೆಮನೆವರೆಗೂ ಬಂದಿದೆ. ಚಿಲಕ ನಿನ್ನೆ ಹಾಕಿದೆ. ನುಣ್ಣಗೆ ಜಾರತ್ತೆ, ಆದರೂ ಅದೇ ಸದ್ದು.

ನಾಳೆ, ನಾಳೆ ಅಂತ ಆರು ದಿನ ತಳ್ಳಿದೆ. ನಿನ್ನೆ ಬಣ್ಣದ ಡಬ್ಬ ಕಲಕ್ತಾ ಬಾಯಿವರೆಗೂ ಬಂತು, ಮತ್ತೆ ನುಂಗಿದೆ. ನುಂಗೋದು ಚೆನ್ನಾಗಿ ರೂಢಿಯಾಗಿದೆ ನನಗೆ. ರಾಣಿ ಕೋಪ ಮಾಡಿಕೊಂಡು ಹೋಗಲಿಲ್ಲ. ನನ್ನ ಅಕ್ಷರ ಹೇಳಿದ ಹಾಗೆ ಕೇಳಿದಳು, ಅಷ್ಟೇ. ಅದೇ ತಡೆಯೋಕಾಗಲ್ಲ. ಬೈದು ಹೋಗಿದ್ದರೆ ಎಷ್ಟೋ ವಾಸಿಯಿತ್ತು.

ಇವತ್ತೇ ಹೇಳ್ತೀನಿ. ಒಳಗೇ ಇದ್ದೆ ಕಣೇ, ಕೇಳಿಸ್ತು ಕಣೇ, ಎರಡು ಸಲವೂ ಕೇಳಿಸ್ತು ಅಂತ. ಹೋಗೋದಾದರೆ ಹೋಗಲಿ. ಗೇಟ್ ನಾನೇ ತೆಗೀತೀನಿ. ಬ್ರಷ್ ತೊಳೆದು ಒಳಗೆ ಬರಲಿ, ಕಾಫಿ ಕುಡಿದ ಮೇಲೆ

ಚಿಲಕ ಟಣ್ ಅಂತು.

"ದೊಡ್ಡಮ್ಮಾ..."

ಒಂದೇ ಸಲ. ಗೇಟಿನ ಹತ್ತಿರದಿಂದ. ರಾಣಿಯದೇ ದನಿ, ಅದೇ ಹೊತ್ತು. ಯಾರಾದರೂ ಆಗಲಿ. ಎರಡನೆಯದು ಕೂಗೋಕೆ ಬಿಡಲ್ಲ

ಓ