ಪುಟ್ಟಿಯ ಗುಂಗುರು ಕೂದಲು

ಜೂನ್ 9, ಬೆಳಿಗ್ಗೆ
ಇವತ್ತೂ ಅದೇ ರಗಳೆ. ಪುಟ್ಟಿ ತಲೆ ಮುಟ್ಟಲು ಬಿಡುವುದಿಲ್ಲ. ಹೊರಗೆ ಜಿಟಿಜಿಟಿ. ಇಂಥ ಹವೆಗೆ ಆ ಗುಂಗುರು ಕೂದಲು ಉಬ್ಬಿ ಹತ್ತಿಮೂಟೆ. ಒಣ ಕೂದಲಿಗೇ ಬಾಚಣಿಗೆ ಹಾಕಿದೆ — ಹಲ್ಲು ಮುರಿಯಿತು. ಅತ್ತಿದ್ದರೆ ವಾಸಿಯಿತ್ತು. "ನಮ್ಮಮ್ಮ ಹೀಗೆ ಎಳೀತಿರ್ಲಿಲ್ಲ" ಎಂದಳು, ಗೋಡೆಗೆ ಹೇಳುವ ಹಾಗೆ.
ಅವಳಮ್ಮ ತೀರಿಕೊಂಡು ಮೂರು ವರ್ಷ. ನಾನು ಇವರನ್ನು ಮದುವೆಯಾಗಿ ಬಂದದ್ದು ಮೊನ್ನೆ ಮೊನ್ನೆ. ನನ್ನದೋ ನೆಟ್ಟನೆ ಕೂದಲು. ಗುಂಗುರಿನ ಗಂಧಗಾಳಿ ಇಲ್ಲ.

ಜೂನ್ 10
ಸ್ಕೂಲಲ್ಲಿ 'ಪೊರಕೆ' ಅಂತಾರಂತೆ. ಟೀಚರ್ ಫೋನ್ ಮಾಡಿದ್ದರು. ಭಾನುವಾರ ಬಾಬ್ ಕಟ್ ಮಾಡಿಸಿಬಿಡೋಣ ಎಂದರು ಇವರು. ಪುಟ್ಟಿ ತಟ್ಟೆ ಬಿಟ್ಟು ಎದ್ದು ಹೋದಳು. ಅವಳಮ್ಮನ ಫೋಟೋ ನೋಡಿದೆ. ಥೇಟ್ ಅದೇ ಕೂದಲು. ಕತ್ತರಿ ಹಾಕಿಸಬಾರದು. ಆದರೆ ಹೇಳಲು ನಾನ್ಯಾರು...

ಜೂನ್ 12, ಮಿಲ್‌ನಲ್ಲಿ, ಮಧ್ಯಾಹ್ನ
ಟೆಸ್ಟಿಂಗ್ ರೂಮಲ್ಲಿ ಉಣ್ಣೆ ಎಳೆಗಳನ್ನು ಎಷ್ಟು ಗಟ್ಟಿ ಎಂದು ನೋಡಲು ಮೆಷಿನ್ನಿಗೆ ಹಾಕಿ ಎಳೆಸುತ್ತಿದ್ದೆ — ನನ್ನ ದಿನನಿತ್ಯದ ಕೆಲಸ. ನೆನೆದದ್ದು ರಬ್ಬರಿನಂತೆ ಹಿಗ್ಗುತ್ತದೆ, ಕಡಿಮೆ ಭಾರಕ್ಕೇ ತುಂಡಾಗುತ್ತದೆ. ಒದ್ದೆಯಲ್ಲಿ ಸುತ್ತಿಟ್ಟು ಒಣಗಿಸಿದರೆ ಅದೇ ಆಕಾರ. ಮತ್ತೆ ತೇವ ತಾಕಿದರೆ ಅದೂ ಹೋಯಿತು. ಉಣ್ಣೆ ಎಂದರೆ ಕುರಿಯ ಕೂದಲು ತಾನೆ? ಇಷ್ಟು ವರ್ಷ ಎಳೆದವಳಿಗೆ ಹೊಳೆಯಲೇ ಇಲ್ಲ.
ರಾತ್ರಿ: ಮನೆಗೆ ಬರುವಾಗ ದಾರಿಯ ಪಾರ್ಲರ್ ಅಕ್ಕನನ್ನು ಕೇಳಿದೆ. ಗುಂಗುರನ್ನು ಒದ್ದೆಯಲ್ಲೇ ಬಿಡಿಸಬೇಕಂತೆ — ಜಾಸ್ತಿ ಕಂಡೀಷನರ್ ಹಚ್ಚಿ, ತುದಿಯಿಂದ, ಎಳೆಯದೆ; ಎಳೆದರೆ ನೆನೆದ ಉಣ್ಣೆಯ ಹಾಗೇ ತುಂಡು. ಟವೆಲ್‌ನಲ್ಲಿ ಉಜ್ಜಬಾರದು. ಒಣಗುವ ತನಕ ಕೈ ಹಾಕಬಾರದು.

ಜೂನ್ 14, ಭಾನುವಾರ
ಹೇಳಿಯೇಬಿಟ್ಟೆ — ಕತ್ತರಿಸೋದು ಬೇಡ, ಒಂದು ಸಲ ನನಗೆ ಬಿಡಿ. ಇವರು ಪುಟ್ಟಿಯ ಮುಖ ನೋಡಿದರು. ಅವಳು ನನ್ನ ಮುಖ ನೋಡಿದಳು.
"ನೋವಾದ್ರೆ ನಿಲ್ಲಿಸ್ತೀರಾ?"
"ನೀನು ಸಾಕು ಅಂದ ತಕ್ಷಣ."
ಬಚ್ಚಲಲ್ಲಿ ಸ್ಟೂಲ್ ಮೇಲೆ ಕೂತಳು. ಬೆರಳಲ್ಲೇ ಬಿಡಿಸಿದೆ. ಎರಡು ಸಲ ಸಾಕು ಎಂದಳು. ನೋವಾಗಿ ಅಲ್ಲ, ನನ್ನನ್ನು ಪರೀಕ್ಷೆ ಮಾಡಲು. ಎರಡೂ ಸಲ ಕೈ ತೆಗೆದೆ. ಆಮೇಲೆ ತಾನೇ ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿದಳು.
ಒಣಗಿದ ಮೇಲೆ ಸುರುಳಿ ಸುರುಳಿ. ಪುಟ್ಟಿ ಕನ್ನಡಿ ಬಿಟ್ಟು ಕದಲಲಿಲ್ಲ. ಇವರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಜೂನ್ 15
ಮಳೆ. ಸ್ಕೂಲಿಂದ ಮತ್ತೆ ಕೂದಲು ಉಬ್ಬಿಸಿಕೊಂಡು ಬಂದಳು. ಮತ್ತೆ 'ಪೊರಕೆ' ಅಂದರೇನೋ ಎಂದುಕೊಂಡೆ. ಅವಳು ನನ್ನ ಜಡೆ ಕೈಗೆತ್ತಿಕೊಂಡು, "ಪಾಪ, ನಿಮ್ದಕ್ಕೆ ಏನೂ ಆಗೋದೇ ಇಲ್ಲ" ಎಂದಳು. ನಗು ತಡೆಯಲಾಗಲಿಲ್ಲ. ಇಬ್ಬರಿಗೂ.

ಜೂನ್ 21, ಬೆಳಿಗ್ಗೆ
ಕಾಫಿ ಹಿಡಿದು ಈಗಷ್ಟೇ ಕೂತೆ. ಬಚ್ಚಲಿಂದ ಕೂಗು — ತಲೆ ನೆನೆಸಿಕೊಂಡು ಆಯ್ತಂತೆ, ಎಷ್ಟು ಹೊತ್ತು ಕಾಯಬೇಕು ಅಂತ. ಬಂದೆ ಎಂದೆ. ಕಂಡೀಷನರ್ ಎಲ್ಲಿ—