ಕೊಕ್ಕರೆ ನಿಂತಿರಲಿಲ್ಲ

ದೊಡ್ಡಕಾವಲಿನ ಲಾಯ,
ಕಾವಲು ವರ್ಷ ನೂರ ಎಂಬತ್ತೆಂಟು, ಹುಲ್ಲುಗೊಯ್ಲು ಮುಗಿದು ಹನ್ನೆರಡನೆಯ ದಿನ.

ತನುಜಜ್ಜಿಯವರಿಗೆ ಸಣ್ಣಬೋರಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಲೆಕ್ಕದ ಇಸವಿ ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ; ನೀವು ತೀರಿಕೊಂಡು ನೂರೈವತ್ತು ವರ್ಷವಾದರೂ ಆಗಿರಬೇಕು. ಹೀಗೆ ಮುಖಕ್ಕೆ ಹೇಳಿದ್ದಕ್ಕೆ ಕ್ಷಮಿಸಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಬಹುದು, ಅದಕ್ಕೂ ಕ್ಷಮಿಸಿ. ಹೊಸ ಪದ ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಆದರೆ ಎಲ್ಲವನ್ನೂ ಹೇಳುವಷ್ಟು ತ್ರಾಣ ನನಗಿಲ್ಲ. ನನಗೀಗ ನಲವತ್ತಮೂರು. ನಮ್ಮ ಮನೆಯಲ್ಲಿ ಉಳಿದಿರುವ ನಿಮ್ಮ ಒಂದೇ ಚಿತ್ರದಲ್ಲಿ ನೀವು ಇಪ್ಪತ್ತಾರರ ಹುಡುಗಿ, ಬಾಯ್ತುಂಬ ನಗುತ್ತಾ ಕುದುರೆಯ ಪಕ್ಕದಲ್ಲಿ ನಿಂತಿದ್ದೀರಿ. ಆದರೂ ಏಳು ತಲೆಮಾರು ಮೇಲಿನವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಬರುವುದಿಲ್ಲ. ಅಜ್ಜಿ ಎನ್ನುತ್ತೇನೆ, ಸಹಿಸಿಕೊಳ್ಳಿ.

ಈ ಕಾಗದವನ್ನು ನಾನಾಗಿ ಬರೆಯುತ್ತಿಲ್ಲ. ನನ್ನ ಮೂಳೆ ಕೂಡಿಸಿ, ಮತ್ತೆ ನಡೆಯುವುದನ್ನು ಕಲಿಸಿದ ತಿಪ್ಪಕ್ಕನ ಪದ್ಧತಿ ಇದು. ಕುದುರೆಯಿಂದ ಬಿದ್ದು ಎದ್ದವರು ತಮಗಿಂತ ಮುಂಚೆ ಬಿದ್ದ ಯಾರಿಗಾದರೂ ಒಂದು ಕಾಗದ ಬರೆಯಬೇಕು, ಅಲ್ಲಿಗೆ ಚಿಕಿತ್ಸೆ ಮುಗಿಯಿತು ಎಂದರ್ಥ. ಸತ್ತವರಿಗೆ ಕಾಗದ ತಲುಪುವುದು ಹೇಗೆ ಎಂದು ಕೇಳಿದೆ. ಬರೆಸುವುದಷ್ಟೇ ತನ್ನ ಕೆಲಸ, ತಲುಪಿಸುವುದಲ್ಲ ಎಂದು ಹೇಳಿ ಎದ್ದುಹೋದಳು. ಅವಳ ಜೊತೆ ವಾದ ಮಾಡಿ ಗೆದ್ದವರು ಈ ಕಾವಲಿನಲ್ಲಿ ಯಾರೂ ಇಲ್ಲ.

ನಾವಿರುವುದು ನಿಮ್ಮ ಕಾಲದಲ್ಲಿ ಚಳ್ಳಕೆರೆ ಎನ್ನುತ್ತಿದ್ದ ಊರಿನ ಆಚೆಗಿನ ಹುಲ್ಲುಗಾವಲಿನಲ್ಲಿ. ಎಂಜಿನ್ನುಗಳೆಲ್ಲ ಯಾಕೆ ನಿಂತುಹೋದವು ಎಂದು ಹೇಳುತ್ತಾ ಕೂತರೆ ಕಾಗದ ಸಾಲದು, ಅದು ನಿಮಗೇ ನನಗಿಂತ ಚೆನ್ನಾಗಿ ಗೊತ್ತಿರಬೇಕು. ನಿಮ್ಮವರು ಗುಡ್ಡಗಳ ಮೇಲೆ ನಿಲ್ಲಿಸಿದ್ದ ಗಾಳಿಯಂತ್ರಗಳ ರೆಕ್ಕೆಗಳನ್ನು ಇಳಿಸಿ ನಾವು ಲಾಯಕ್ಕೆ ಸೂರು ಮಾಡಿಕೊಂಡಿದ್ದೇವೆ. ಒಂದು ರೆಕ್ಕೆಯ ಕೆಳಗೆ ಹತ್ತು ಕುದುರೆ ನಿಲ್ಲುತ್ತವೆ, ಎಂಥ ಮಳೆಗೂ ಹನಿ ಸೋರುವುದಿಲ್ಲ, ಈ ಉಪಕಾರಕ್ಕೆ ನಿಮ್ಮವರನ್ನು ನೆನೆಯುತ್ತೇವೆ. ಕಾವಲಿನ ಸುತ್ತ ಏಳು ಊರುಗಳಿವೆ. ಊರಿಂದೂರಿಗೆ ಹಾವಿನ ಮದ್ದು, ಮಕ್ಕಳ ಲಸಿಕೆ, ಬಾಣಂತಿಯರ ಔಷಧಿ ಒಯ್ಯುವುದು ಕುದುರೆಯವರ ಕೆಲಸ. ಮಣ್ಣಿನ ಪೆಟ್ಟಿಗೆಗೆ ಒದ್ದೆ ಬಟ್ಟೆ ಸುತ್ತಿ ಬೆನ್ನಿಗೆ ಕಟ್ಟಿಕೊಂಡರೆ ಮದ್ದು ಮೂರು ಗಂಟೆ ತಣ್ಣಗಿರುತ್ತದೆ. ಗಾಡಿದಾರಿ ಹಿಡಿದರೆ ಆರು ಗಂಟೆ ಬೇಕು. ಅದಕ್ಕೇ ಹೊಲದ ಬದು, ಕಲ್ಲುಗೋಡೆ, ಕಾಲುವೆ ಎಲ್ಲವನ್ನೂ ಹಾರಿಕೊಂಡು ನೇರ ಹೋಗುತ್ತೇವೆ. ಇದಕ್ಕೆ ನಾವು ದಾಟೋಟ ಎನ್ನುತ್ತೇವೆ. ನೀವು ಇದನ್ನೇ ಪಂದ್ಯಕ್ಕೆಂದು ಮಾಡುತ್ತಿದ್ದಿರಂತೆ, ಬೇಕೆಂದೇ ಮರದ ದಿಮ್ಮಿ ಅಡ್ಡ ಇಟ್ಟು ಹಾರಿಸುತ್ತಿದ್ದಿರಂತೆ. ನೀವು ಬರೆದಿಟ್ಟದ್ದನ್ನು ಮೊದಲ ಸಲ ಓದಿದಾಗ ನನಗೆ ನಗು ತಡೆಯಲಾಗಲಿಲ್ಲ.

ದಾಟೋಟಕ್ಕೆ ಎರಡು ಕಟ್ಟುಪಾಡುಗಳಿವೆ. ಒಂದು ಕಾಲ್ನೋಟ. ದಾರಿಯಲ್ಲಿ ಎಲ್ಲಾದರೂ ಬದು ಒಡೆದು ರಿಪೇರಿ ಮಾಡಿದರೆ ಆ ಊರಿನವರು ಒಂದು ಕೆಂಪು ಚಿಂದಿ ಕಳಿಸುತ್ತಾರೆ, ಅದನ್ನು ಲಾಯದ ಬಾಗಿಲಿಗೆ ಕಟ್ಟುತ್ತೇವೆ. ಆ ದಾರಿಯ ಸವಾರ ಕಾಲ್ನಡಿಗೆಯಲ್ಲಿ ಹೋಗಿ, ನೆಲ ಮುಟ್ಟಿ ನೋಡಿ, ಎತ್ತರ ಅಳೆದು ಬಂದು ಆ ಚಿಂದಿಯನ್ನು ತಾನೇ ಬಿಚ್ಚಬೇಕು. ಅಲ್ಲಿಯವರೆಗೆ ಕುದುರೆ ಹತ್ತುವಂತಿಲ್ಲ. ಇನ್ನೊಂದು ಬಿದ್ದಮಾತು. ಬಿದ್ದವರು ಹೇಗೆ ಬಿದ್ದೆ ಎಂದು ಹೇಳುತ್ತಾರೋ ಅದೇ ಕೊನೆ, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಹಾರುವ ಮೊದಲೇ ಕುದುರೆ ಗಕ್ಕನೆ ನಿಂತುಬಿಟ್ಟಿತು ಎಂದು ಸವಾರ ಹೇಳಿದರೆ ಆ ಕುದುರೆಯನ್ನು ಇನ್ನು ನಂಬುವಂತಿಲ್ಲ, ಲಾಳ ಕಿತ್ತು ಎಣ್ಣೆಗಾಣಕ್ಕೆ ಕಳಿಸುತ್ತಾರೆ. ಹತ್ತೊಂಬತ್ತು ವರ್ಷ ಈ ಎರಡೂ ಕಟ್ಟುಪಾಡು ನನಗೆ ಸರಿಯಾಗಿಯೇ ಕಂಡಿದ್ದವು.

ನನ್ನ ಕುದುರೆಯ ಹೆಸರು ಕೊಕ್ಕರೆ. ಲಾಯದಲ್ಲಿ ಯಾವಾಗಲೂ ಒಂದು ಕಾಲು ಮಡಚಿಕೊಂಡೇ ನಿಲ್ಲುತ್ತದೆ, ಅದಕ್ಕೆ ಆ ಹೆಸರು. ಬಿದ್ದ ದಿನ ಬೆಳಿಗ್ಗೆ ಅದು ಹುರುಳಿ ಮುಗಿಸಿ ನನ್ನ ತೋಳಿಗೆ ಮೂತಿ ಒರೆಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ತಿಪ್ಪಕ್ಕನ ಮನೆಯ ಜಂತೆ. ನಡುವೆ ಏನೂ ಇಲ್ಲ. ಮಲ್ಲೂರಹಟ್ಟಿಯ ಕೆರೆಯ ಕೆಳಗಿನ ಬದುವಿನ ಹತ್ತಿರ ಕುದುರೆ ನನ್ನ ಮೇಲೆ ಉರುಳಿತ್ತಂತೆ. ಸೊಂಟದ ಮೂಳೆ ಎರಡು ಕಡೆ, ಕೊರಳೆಲುಬು, ಎಡಗಡೆಯ ನಾಲ್ಕು ಪಕ್ಕೆಲುಬು ಮುರಿದಿದ್ದವು. ತಲೆಗೆ ಬಿದ್ದ ಪೆಟ್ಟಿನ ಲೆಕ್ಕ ಬೇರೆ. ಬೀಳುವುದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ನೋಡಲು ಬಂದವರೆಲ್ಲ ನನ್ನ ಹಾಸಿಗೆಯ ಸುತ್ತ ಕೂತು ಮಾತಾಡಿದರು. ಮೊದಲ ದಿನ ಕುದುರೆ ನಿಂತಿರಬೇಕು ಎಂದರು. ಮೂರನೆಯ ದಿನಕ್ಕೆ ಕುದುರೆ ನಿಂತಿತಂತೆ ಎಂದರು. ನಾಲ್ಕನೆಯ ದಿನ ಲಾಯದ ಯಜಮಾನ ಪಾಲಯ್ಯ ಬಂದು ನನ್ನ ಬಿದ್ದಮಾತು ಕೇಳಿದಾಗ, ಕೊಕ್ಕರೆ ಕಿವಿ ಹಿಂದಕ್ಕೆ ಹಾಕಿ ಗಕ್ಕನೆ ನಿಂತದ್ದು ನನ್ನ ಕಣ್ಣಿಗೇ ಕಟ್ಟಿತ್ತು. ಹಾಗೇ ಹೇಳಿದೆ. ಸುಳ್ಳು ಹೇಳುತ್ತಿದ್ದೇನೆಂದು ಆ ಹೊತ್ತಿಗೆ ನನಗೆ ಅನಿಸಲಿಲ್ಲ. ಮರುದಿನ ಕೊಕ್ಕರೆಯನ್ನು ಗಾಣಕ್ಕೆ ಹೊಡೆದುಕೊಂಡು ಹೋದರು.

ಆರು ವಾರ ಹಲಗೆಯ ಮೇಲೆ ಮಲಗಿದ್ದೆ, ಸೊಂಟ ಅಲುಗಾಡದಂತೆ ಎರಡೂ ಕಡೆ ಮರಳಿನ ಚೀಲ. ಸಾಕಾಗಿಹೋಯಿತು ಅಜ್ಜೀ. ನೋವು ಹೇಗೋ ತಡೆಯಬಹುದಿತ್ತು, ಆ ತಲೆಯ ಸುಸ್ತು ತಡೆಯಲಾಗಲಿಲ್ಲ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ತಂಬಿಗೆ ಕೊಡು ಎನ್ನಲು ಹೋಗಿ ಲಾಳ ಕೊಡು ಎಂದೆ, ತಿಪ್ಪಕ್ಕ ನಕ್ಕಳು, ನಾನು ಒಂದು ಹೊತ್ತು ಬಿಕ್ಕಿ ಬಿಕ್ಕಿ ಅತ್ತೆ. ಮುದ್ದೆ ಬಿಸಿ ಇಲ್ಲವೆಂದು ತಟ್ಟೆ ಬೀಸಿ ಎಸೆದೆ. ಅವಳು ಅದನ್ನು ಎತ್ತಿ ತೊಳೆದು ಮತ್ತೆ ಬಡಿಸಿದಳು. ಏಳನೆಯ ವಾರ ಜಂತೆಗೆ ಹಗ್ಗ ಕಟ್ಟಿ ನನ್ನನ್ನು ನಿಲ್ಲಿಸಿದಳು, ಹತ್ತು ಉಸಿರಿನಷ್ಟು ಹೊತ್ತು. ಮರುದಿನ ಹನ್ನೆರಡು. ನಡುವೆ ಒಂದು ದಿನ ನಾಲ್ಕಕ್ಕೇ ಕುಸಿದೆ, ಆವತ್ತು ಸತ್ತರೆ ಸಾಕು ಅನಿಸಿತ್ತು. ಅಂಗಳದ ಬೇವಿನ ಮರ ಮುಟ್ಟಿ ಬರಲು ಹದಿನೇಳು ಹೆಜ್ಜೆ, ಆ ಹದಿನೇಳು ಹೆಜ್ಜೆಗೆ ಎಂಟು ದಿನ ಹಿಡಿಯಿತು.

ಆ ದಿನಗಳಲ್ಲಿ ನನ್ನ ಜೊತೆಗಿದ್ದದ್ದು ನಿಮ್ಮ ಪುಸ್ತಕ. ಪಂದ್ಯದಲ್ಲಿ ದಿಮ್ಮಿ ಹಾರುವಾಗ ಬಿದ್ದ ಮೇಲೆ ನೀವು ದಿನವೂ ನಾಲ್ಕು ಸಾಲು ಬರೆದಿಟ್ಟ ಆ ನೀಲಿ ರಟ್ಟಿನ ಪುಸ್ತಕ ನಮ್ಮ ಮನೆಯಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡು ಬಂದದ್ದು. ಈ ಕಾವಲಿನಲ್ಲಿ ಬಿದ್ದವರಿಗೆಲ್ಲ ತಿಪ್ಪಕ್ಕ ಅದನ್ನು ಓದಿಸುತ್ತಾಳೆ. "ಇವತ್ತು ಸ್ನಾನದ ಮನೆಗೆ ಒಬ್ಬಳೇ ಹೋದೆ" ಎಂದು ನೀವು ಬರೆದ ಪುಟವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನೀವು ಗುಣವಾದಿರಿ ಎಂಬುದಕ್ಕೆ ನಾನೇ ಸಾಕ್ಷಿ. ಇಲ್ಲದಿದ್ದರೆ ನಾನು ಹುಟ್ಟುವುದೆಲ್ಲಿ ಬಂತು.

ಮೂಳೆಯೆಲ್ಲ ಕೂಡಿದ ಮೇಲೂ ನನಗೆ ಊಟ ಸೇರುತ್ತಿರಲಿಲ್ಲ, ಕೂತಲ್ಲೇ ಕೂತಿರುತ್ತಿದ್ದೆ. ಮಳೆಗಾಲದ ಹೊತ್ತಿಗೆ ಕುದುರೆ ಹತ್ತಬಹುದು ಎಂದು ತಿಪ್ಪಕ್ಕ ಹೇಳಿದಾಗಲೂ ಖುಷಿಯಾಗಲಿಲ್ಲ. ಒಂದು ಮಧ್ಯಾಹ್ನ ಅವಳು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ, ತಲೆ ಎತ್ತದೆ, "ಬಿದ್ದೋರೆಲ್ಲ ಎಚ್ಚರಾದ ತಕ್ಷಣ ಕುದ್ರೆ ಹೆಂಗೈತೆ ಅಂತ ಕೇಳ್ತಾರೆ. ನೀನು ಒಂದ್ ದಿನಾನೂ ಕೇಳ್ಲಿಲ್ಲವಲ್ಲೇ ಬೋರಿ" ಎಂದಳು.

ಅವಳು ಹೋದ ಮೇಲೆ ನಿಮ್ಮ ಪುಸ್ತಕ ತೆಗೆದೆ, ನೀವಾದರೂ ಕೇಳಿದ್ದೀರೋ ಎಂದು ನೋಡಲು. ಹದಿನಾರನೆಯ ದಿನ ನೀವು ಬರೆದದ್ದು: "ಆ ಕುದುರೆಯನ್ನು ಕೊಟ್ಟುಬಿಟ್ಟರಂತೆ. ಒಳ್ಳೆಯದೇ ಆಯಿತು." ಹದಿನೇಳನೆಯ ದಿನ ಬರೆದದ್ದು: "ನನಗೆ ಏನೇನೂ ನೆನಪಾಗುತ್ತಿಲ್ಲ. ಅದು ನಿಂತುಬಿಟ್ಟಿತು ಎಂದು ಎಲ್ಲರೂ ಹೇಳುತ್ತಾರೆ." ಈ ಎರಡು ಪುಟ ಎದುರುಬದುರು ಇವೆ. ಅಷ್ಟು ವಾರ ಓದಿದರೂ ನಾನು ಅವನ್ನು ಒಟ್ಟಿಗೆ ಓದಿರಲಿಲ್ಲ. ನೆನಪಿಲ್ಲ ಎಂದಮೇಲೆ ನಮಗೆ ಹೇಗೆ ಗೊತ್ತು ಅಜ್ಜೀ, ನಿಮಗಾಗಲಿ ನನಗಾಗಲಿ?

ಬಿದ್ದ ಅರವತ್ತೆಂಟನೆಯ ದಿನ ಊರುಗೋಲು ಹಿಡಿದು ಆ ಬದುವಿಗೆ ಹೋದೆ. ಗಾಡಿಯಲ್ಲಿ ಅರ್ಧ ದಾರಿ, ಉಳಿದದ್ದು ನಡಿಗೆ. ಅಲ್ಲಿ ಮುಳ್ಳು ಹಾಕಿ ಮುಚ್ಚಿದ್ದರು, ದನ ತುಳಿದಿರಲಿಲ್ಲ. ನಾನು ಬಿದ್ದ ಮೇಲೆ ಮಳೆಯೂ ಬಿದ್ದಿರಲಿಲ್ಲ. ಒಡೆದ ಬದುವಿಗೆ ಹೊಸ ಮಣ್ಣು ಹಾಕಿ, ಕೂರಲೆಂದು ನೀರು ಬಿಟ್ಟು ತುಳಿಸಿದ್ದರು. ಆ ಕೆಸರು ಒಣಗಿ ಹೆಂಚಿನಂತಾಗಿತ್ತು. ಗೊರಸಿನ ಗುರುತುಗಳು ಇದ್ದ ಹಾಗೇ ಇದ್ದವು. ನಿಲ್ಲುವ ಕುದುರೆ ಮುಂಗಾಲು ಊರಿ ಜಾರುತ್ತದೆ, ನೆಲದಲ್ಲಿ ಎರಡು ಉದ್ದ ಗೀರು ಬೀಳುತ್ತವೆ. ಅಲ್ಲಿ ಅಂಥ ಗೀರು ಒಂದೂ ಇರಲಿಲ್ಲ. ಹೆಜ್ಜೆಗಳು ನೇರವಾಗಿ ಬಂದಿದ್ದವು. ಹಾರುವ ಜಾಗದಲ್ಲಿ ಎರಡು ಹಿಂಗಾಲುಗಳು ಗೇಣುದ್ದ ಹೂತಿದ್ದವು. ಅಷ್ಟು ಬಲ ಹಾಕಿ ಒದ್ದಿತ್ತು ಆ ಮೂಕಪ್ರಾಣಿ, ಹೂತ ಕಾಲಿನಲ್ಲೇ ಹಾರಿತ್ತು. ಬದುವಿನ ನೆತ್ತಿಯಲ್ಲಿ ಮುಂಗಾಲು ಬಡಿದ ಗಾಯವಿತ್ತು. ಬದು ಮೊದಲಿಗಿಂತ ಒಂದು ಮೊಳ ಎತ್ತರವಾಗಿತ್ತು. ನಾನು ಅದನ್ನು ಹಳೆಯ ಎತ್ತರವೆಂದೇ ತಿಳಿದು ಹಾರಿಸಿದ್ದೆ.

ಬೀಳುವುದಕ್ಕೆ ಮೂರು ದಿನ ಮೊದಲು ಮಲ್ಲೂರಹಟ್ಟಿಯಿಂದ ಕೆಂಪು ಚಿಂದಿ ಬಂದಿತ್ತು. ಹತ್ತೊಂಬತ್ತು ವರ್ಷ ಓಡಿದ ದಾರಿ, ಹೊಸದಾಗಿ ನೋಡುವುದೇನಿದೆ, ಈ ಬಿಸಿಲಿನಲ್ಲಿ ಯಾರು ನಡೆಯುತ್ತಾರೆ ಅಂದುಕೊಂಡೆ. ಅರ್ಧ ದಿನ ಹುಣಸೆಮರದ ಕೆಳಗೆ ಮಲಗಿದ್ದು ಬಂದು ಚಿಂದಿ ಬಿಚ್ಚಿದೆ. ಬಿದ್ದದ್ದು ಮರೆತಿತ್ತು, ಇದು ಮರೆತಿರಲಿಲ್ಲ. ಅಷ್ಟೂ ದಿನ ಅದನ್ನು ಮನಸ್ಸಿನ ಒಂದು ಮೂಲೆಗೆ ತಳ್ಳಿ ಅದರ ಮೇಲೆ ಕೂತಿದ್ದೆ. ಆ ಬದುವಿನ ಬುಡದಲ್ಲಿ ಕೂತು, ಥೂ ನಿನ್ನ, ಎಂದು ನನಗೆ ನಾನೇ ಬೈದುಕೊಂಡೆ. ಅಳು ಬರಲಿಲ್ಲ.

ಬಿದ್ದಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಆದರೆ ತೆಗೆದುಕೊಂಡವರು ಮತ್ತೆ ದಾಟೋಟಕ್ಕೆ ಹೋಗುವಂತಿಲ್ಲ, ಜೀನು ಒಪ್ಪಿಸಬೇಕು. ನನಗೆ ಬೇರೆ ಕೆಲಸ ಬರುವುದಿಲ್ಲ, ಮದುವೆ ಮಕ್ಕಳು ಎಂದು ಕೂಡ ಯೋಚಿಸಿದವಳಲ್ಲ. ಆದರೂ ಆ ಸಂಜೆಯೇ ಪಾಲಯ್ಯನ ಮುಂದೆ ಎಲ್ಲ ಹೇಳಿ ಜೀನು ಇಟ್ಟೆ. ಅವನು ಜೀನಿನ ಪಟ್ಟಿ ಸವರುತ್ತಾ, "ಬಾಯಿ ಮುಚ್ಕೊಂಡಿದ್ದಿದ್ರೆ ಮಳೆಗಾಲಕ್ಕೆ ಕುದ್ರೆ ಹತ್ತತಿದ್ದೆಲ್ಲವ್ವಾ. ಯಾರಿಗ್ ಗೊತ್ತಾಗ್ತಿತ್ತು?" ಎಂದ. ಸೊಂಟ ನೋಯುತ್ತಿದೆ, ಕೂರಲು ಏನಾದರೂ ಕೊಡು ಎಂದೆ.

ಮರುದಿನ ಪಾಲಯ್ಯ, ನಾನು ಇಬ್ಬರೂ ಗಾಣಕ್ಕೆ ಹೋದೆವು. ನಿಮ್ಮ ಕಾಲದಲ್ಲೂ ಈ ಸೀಮೆಯಲ್ಲಿ ಕಡಲೆಕಾಯಿ ಎಣ್ಣೆಯ ಮಿಲ್ಲುಗಳಿದ್ದವಂತೆ. ಈಗ ಅದನ್ನೇ ಕುದುರೆ ಕಟ್ಟಿ ಅರೆಯುತ್ತಾರೆ. ಕೊಕ್ಕರೆಯ ಕಣ್ಣಿಗೆ ತೊಗಲಿನ ಪಟ್ಟಿ ಕಟ್ಟಿದ್ದರು, ತಲೆ ಸುತ್ತದಿರಲಿ ಎಂದು. ಅರವತ್ತು ದಿನದ ಮೇಲಾಗಿತ್ತು. ಪಟ್ಟಿ ಬಿಚ್ಚಿ, ಹೊರಗೆ ತಂದು, ಕಾವಲಿನ ಬಯಲಿನಲ್ಲಿ ಹಗ್ಗ ಬಿಟ್ಟೆ. ಓಡುತ್ತದೆ ಎಂದುಕೊಂಡಿದ್ದೆ. ಅದು ಎಡಕ್ಕೆ ತಿರುಗಿತು, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ. ಅಷ್ಟು ದೊಡ್ಡ ಬಯಲಿನಲ್ಲಿ ಗಾಣದಷ್ಟೇ ಜಾಗದಲ್ಲಿ ಸುತ್ತಿತು. ಆಗ ಅತ್ತೆ. ಬಿದ್ದ ಮೇಲೆ ಅಷ್ಟು ಯಾವತ್ತೂ ಅತ್ತಿರಲಿಲ್ಲ.

ಈಗ ಬೆಳಿಗ್ಗೆ ನಾವಿಬ್ಬರೂ ನಡೆಯುತ್ತೇವೆ. ಎಡಗಡೆ ನಾನು ನಿಂತು ಅದರ ಭುಜಕ್ಕೆ ನನ್ನ ಭುಜ ಒತ್ತುತ್ತೇನೆ, ಅದು ತಿರುಗಲು ಬಂದರೆ ನನ್ನ ಮೇಲೇ ಬರಬೇಕು. ನನ್ನ ಎಡಗಾಲು ಈಗ ಕುಂಟು, ನಾನೂ ಅತ್ತಲೇ ಎಳೆಯುತ್ತೇನೆ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಹೋಗುತ್ತೇವೆ. ನಿನ್ನೆ ಬೇವಿನ ಮರದಿಂದ ಕಲ್ಲುಕಂಬದವರೆಗೆ ನೇರ ಬಂದೆವು. ಅದು ಇನ್ನು ಹಾರುವುದಿಲ್ಲ, ನಾನೂ ಹತ್ತುವುದಿಲ್ಲ. ಲಾಯದ ಎಲ್ಲ ದಾರಿಗಳ ಕಾಲ್ನೋಟವನ್ನು ಪಾಲಯ್ಯ ನನಗೆ ವಹಿಸಿದ್ದಾನೆ. ನಡೆಯದೆ ಚಿಂದಿ ಬಿಚ್ಚಿದವಳಿಗೆ ಇದಕ್ಕಿಂತ ತಕ್ಕ ಕೆಲಸ ಸಿಕ್ಕೀತೇ?

ಕೈ ಸೋಲುತ್ತಿದೆ, ಕೇಳಬೇಕಾದ್ದನ್ನು ಕೇಳಿ ಮುಗಿಸುತ್ತೇನೆ. ನಿಮ್ಮ ತಪ್ಪು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಕುದುರೆ ನಿಜವಾಗಿಯೂ ನಿಂತಿರಬಹುದು, ಹೆದರಿರಬಹುದು, ಅದಕ್ಕೂ ಮೈಯಲ್ಲಿ ಎಲ್ಲೋ ನೋವಿದ್ದಿರಬಹುದು. ಆದರೆ ನೀವು ಹೋಗಿ ನೋಡಲಿಲ್ಲ. ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ, ನಡೆಯಲು ಬಂದ ದಿನ ಮೊದಲು ಆ ದಿಮ್ಮಿಯ ಹತ್ತಿರ ಹೋಗಿ. ಯಾರನ್ನೂ ಕೇಳಬೇಡಿ, ನೆಲ ನೋಡಿ. ಆಮೇಲೆ ಮನೆಯವರನ್ನು ಕೂರಿಸಿಕೊಂಡು ಆ ಕುದುರೆಯನ್ನು ಯಾರಿಗೆ ಕೊಟ್ಟಿರಿ ಎಂದು ಕೇಳಿ. ಎಲ್ಲಿದ್ದರೂ ಹುಡುಕಿಕೊಂಡು ಹೋಗಿ, ಯಾವ ಸ್ಥಿತಿಯಲ್ಲಿದ್ದರೂ ನೋಡಿ ಬನ್ನಿ. ಇಡೀ ಪುಸ್ತಕದಲ್ಲಿ ನೀವು ಅದನ್ನು ಆ ಕುದುರೆ, ಆ ಕುದುರೆ ಎಂದೇ ಬರೆದಿದ್ದೀರಿ. ಚಿತ್ರದಲ್ಲಿ ನಿಮ್ಮ ಕೈ ಅದರ ಕೊರಳ ಮೇಲಿದೆ. ಅದಕ್ಕೊಂದು ಹೆಸರು ಇದ್ದೇ ಇರಬೇಕು.

ಪುಸ್ತಕದ ಕೊನೆಗೆ ಹನ್ನೊಂದು ಪುಟ ಖಾಲಿ ಇವೆ. ಆ ಹೆಸರನ್ನು ಅಲ್ಲಿ ಬರೆಯಿರಿ, ಬೇರೇನೂ ಬೇಡ. ನೀವು ಅಲ್ಲಿ ಬರೆದರೆ ಇಲ್ಲಿ ಕಾಣಬೇಕಲ್ಲ, ಅದೇ ಪುಸ್ತಕ ತಾನೇ ಇದು. ದಿನಾ ಬೆಳಿಗ್ಗೆ ಕೊಕ್ಕರೆಗೆ ಹುರುಳಿ ಇಟ್ಟು ಬಂದು ಆ ಹನ್ನೊಂದು ಪುಟಗಳನ್ನು ಒಂದೊಂದಾಗಿ ಮಗುಚಿ ನೋಡುತ್ತೇನೆ. ತಿಪ್ಪಕ್ಕ ನಗುತ್ತಾಳೆ, ನಗಲಿ. ಇವತ್ತೂ ನೋಡಿದೆ ಅಜ್ಜೀ. ನಾಳೆಯೂ ನೋಡುತ್ತೇನೆ.

ಇಂತು ನಿಮ್ಮವಳು,
ಸಣ್ಣಬೋರಮ್ಮ